ಸಹಾಯ ಬೇಕು: ಸ್ಪಿನ್ನಿಂಗ್ ಬೈಕಿನ ಸೀಟು 71ಕ್ಕಾ, 73ಕ್ಕಾ?

ಶನಿವಾರ ಜಿಮ್ಮಲ್ಲಿ ಮೊದಲ ಸ್ಪಿನ್ನಿಂಗ್ ಕ್ಲಾಸ್ (ನಿಂತಲ್ಲೇ ತುಳಿಯೋ ಸೈಕಲ್ ಮೇಲೆ). ನನ್ನ ರೋಡ್ ಬೈಕಿನಲ್ಲಿ (ರಸ್ತೆ ಸೈಕಲ್) ಕ್ರ್ಯಾಂಕ್, ಅಂದ್ರೆ ಪೆಡಲ್ ಕೂರೋ ತೋಳು, ತಿರುಗೋ ನಡುವಿಂದ ಸೀಟಿನ ಮೇಲಕ್ಕೆ 72 ಸೆಂ.ಮೀ. ಇದೆ. ಜಿಮ್ಮಲ್ಲಿ ಟೇಪ್ ಹಿಡಿದು ನೋಡಿದೆ: ಸೀಟಿನ ಎತ್ತರ ಹಿಡಿಯೋ ಪಿನ್ ಕೂರೋದು 71ಕ್ಕೆ, ಇಲ್ಲಾಂದ್ರೆ 73ಕ್ಕೆ. ಕ್ರ್ಯಾಂಕಿನ ಉದ್ದ ಎರಡು ಬೈಕಲ್ಲೂ 170 ಮಿ.ಮೀ.

ಅಲ್ಲಿನ ಪೆಡಲ್ ಒಂದು ಕಡೆ ಎಸ್‌ಪಿಡಿ (ಎರಡು ಬೋಲ್ಟಿನ ಕ್ಲೀಟ್, ಅಂದ್ರೆ ಸೋಲಿನಡಿಯ ಕೊಕ್ಕೆ, ಇರೋ ಶೂ ಸಿಕ್ಕಿಸೋ ಥರದ್ದು), ಇನ್ನೊಂದು ಕಡೆ ಟೋ ಕೇಜ್ (ಶೂ ಮುಂಭಾಗ ತೂರಿಸೋ ಪಂಜರ). ನನ್ನ ಮೂರು ಬೋಲ್ಟಿನ ಕ್ಲೀಟ್ ಇರೋ ಶೂ ಅದಕ್ಕೆ ಕ್ಲಿಪ್ ಆಗಲ್ಲ, ಕೇಜಿಗೆ ತೂರಿಸಿದ್ರೆ ಕ್ಲೀಟ್ ಜಾರುತ್ತೆ. ಹಾಗಾಗಿ ಮಾಮೂಲಿ ಶೂನೇ ಗತಿ. ಅದರ ಸೋಲ್ ದಪ್ಪ, ಆ ಲೆಕ್ಕದಲ್ಲಿ 73 ಸರಿಹೋಗಬೇಕಿತ್ತು. ಆದ್ರೆ 73ಕ್ಕಿಟ್ರೆ ಕಾಲು ಪೂರ್ತಿ ಕೆಳಗೆ ಹೋದಾಗ ಹಿಮ್ಮಡಿ ಮೇಲೇಳುತ್ತೆ, ಸೊಂಟ ಅತ್ತಿತ್ತ ತೂಗುತ್ತೆ. 71ಕ್ಕಿಟ್ರೆ ಮಂಡಿ ಮುಂಭಾಗ ಬಿಗಿಯುತ್ತೆ. ಫ್ಲೈವೀಲ್ (ಮುಂದಿನ ಭಾರದ ಚಕ್ರ) ಪೆಡಲ್‌ಗೆ ಫಿಕ್ಸೆಡ್, ತುಳಿಯೋದು ನಿಲ್ಲಿಸಿದ್ರೂ ಪೆಡಲ್ ಕಾಲನ್ನ ಎಳ್ಕೊಂಡೇ ತಿರುಗುತ್ತೆ; ಎತ್ತರ ತಪ್ಪಾದ್ರೆ ಮಂಡಿಗೇ ಪೆಟ್ಟು.

45 ನಿಮಿಷಕ್ಕೆ ಯಾವ ತೂತಿಗೆ ಪಿನ್ ಹಾಕಲಿ? 71ಕ್ಕಿಟ್ಟು ಸೀಟನ್ನ ಸ್ವಲ್ಪ ಹಿಂದಕ್ಕೆ ಸರಿಸಿದ್ರೆ ಮಂಡಿ ಬಿಗಿತ ಕಮ್ಮಿ ಆಗುತ್ತಾ?