ಸಹಾಯ ಬೇಕು: ಪ್ರೆಸ್ ರಿಪೇರಿಯ ಅಪಾಯಕ್ಕೆ ಅಂಕ ಹೇಗೆ ಕೊಡುತ್ತೀರಿ?

ನಮಸ್ಕಾರ. ಪುಣೆ ಹತ್ತಿರ ಚಾಕಣ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹೈಡ್ರಾಲಿಕ್ ಪ್ರೆಸ್ ರಿಪೇರಿಗೆ ಅಪಾಯದ ಪಟ್ಟಿ ಮಾಡಬೇಕಿದೆ. ಮೇನ್ ಸ್ವಿಚ್‌ಗೆ ಬೀಗ, ಟ್ಯಾಗ್ ಹಾಕುತ್ತೇವೆ. ಆದರೆ ಕರೆಂಟ್ ತೆಗೆದರೂ, ಒತ್ತಡದಲ್ಲಿ ಎಣ್ಣೆ ಕೂಡಿಡುವ ಅಕ್ಯುಮ್ಯುಲೇಟರ್‌ನಲ್ಲಿ ಒತ್ತಡ ಉಳಿದಿರುತ್ತದೆ. ಮೇಲೆತ್ತಿದ ರ‍್ಯಾಮ್ (ಪ್ರೆಸ್ಸಿನ ಒತ್ತುವ ಭಾಗ) ತನ್ನ ಭಾರಕ್ಕೇ ಕೆಳಗೆ ಬರಬಹುದು. ನನಗೆ ಜಾಸ್ತಿ ಭಯ ಇದರದ್ದೇ.

ಸಾಧ್ಯತೆಗೆ 1ರಿಂದ 5, ತೀವ್ರತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸುತ್ತೇವೆ. ಅಪರೂಪ ಅಂತ 1 ಕೊಟ್ಟರೆ, ಜೀವ ಹೋಗುವಂಥ ಕೆಲಸವೂ ಬರೀ 5 ಆಗಿ ಪಟ್ಟಿಯ ಹಸಿರಿನಲ್ಲಿ, ಅಂದರೆ ಕಡಿಮೆ ಅಪಾಯದ ಬಣ್ಣದಲ್ಲಿ, ಕೂರುತ್ತದೆ. ಇದು ತಪ್ಪು ಅಲ್ವಾ? ನೀವು ತೀವ್ರತೆ 5 ಇದ್ದರೆ ಬೇರೆ ನಿಯಮ ಇಟ್ಟಿದ್ದೀರಾ?

ಇನ್ನೊಂದು. ಗುತ್ತಿಗೆ ಹುಡುಗರು ವಿಜಯಪುರ, ಕಲಬುರಗಿ ಕಡೆಯವರು. ಮರಾಠಿ ಫಾರಂ ಓದಲು ಬರುವುದಿಲ್ಲ. ಸುಮ್ನೆ ಸಹಿ ಹಾಕಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಕನ್ನಡದ ಚೆಕ್‌ಲಿಸ್ಟ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.