ವಾಗ್ದಾನದ ವಾಕ್ಯ, ಸಿನಿಮಾ, ಮೊಬೈಲಿಗೆ ಬರುವ ಸಂದೇಶ: ಸಭಾಪಾಲಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಅಯ್ಯನವರೇ, ವಂದನೆಗಳು. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ, ಈಗ ಕೆಲಸ ಹೋಗಿದೆ. ಹೊಸ ವರ್ಷದ ಆರಾಧನೆಯಲ್ಲಿ ಸತ್ಯವೇದದ ಒಂದು ವಾಕ್ಯ ಬರೆದಿರುವ ವಾಗ್ದಾನದ ಚೀಟಿ ಎತ್ತಿದಾಗ ನನಗೆ ಯೆರೆಮೀಯ 29:11 ಬಂದಿತ್ತು. ನಿಮ್ಮ ವಿಷಯವಾಗಿ ನಾನು ಮಾಡುವ ಆಲೋಚನೆಗಳು ಹಿತದವುಗಳೇ ಹೊರತು ಕೇಡಿನವುಗಳಲ್ಲ ಎಂಬ ಆ ಮಾತು ಇಂದಿಗೂ ನನ್ನ ಮೊಬೈಲ್ ಸ್ಟೇಟಸ್‌ನಲ್ಲಿದೆ. ಆದರೆ ಸಂದರ್ಶನಗಳು ಒಂದರ ಮೇಲೊಂದು ಕೈತಪ್ಪುತ್ತಿವೆ. ಆ ವಾಗ್ದಾನ ನನ್ನದಲ್ಲವೇ? ಅಥವಾ ನನ್ನ ನಂಬಿಕೆ ಸಾಲದೇ?

ಉತ್ತರ: ನಿಮ್ಮ ನಂಬಿಕೆಯ ಅಳತೆಗೂ ಕಂಪನಿಯವರ ತೀರ್ಮಾನಕ್ಕೂ ಸಂಬಂಧವಿಲ್ಲ. ಹಾಗೆ ಸಂಬಂಧ ಕಲ್ಪಿಸಿ ಯಾರಾದರೂ ನಿಮ್ಮನ್ನು ನೋಯಿಸಿದ್ದರೆ, ಆ ಮಾತನ್ನು ದೇವರ ಮಾತೆಂದು ಎಣಿಸಬೇಡಿ. ವಾಗ್ದಾನದ ಚೀಟಿ ಎತ್ತುವ ನಮ್ಮ ಸಭೆಗಳ ವಾಡಿಕೆಯನ್ನು ನಾನು ಹಳಿಯುವುದಿಲ್ಲ, ಏಕೆಂದರೆ ಎಷ್ಟೋ ಜನರಿಗೆ ವರ್ಷವಿಡೀ ಬಾಯಿಪಾಠವಾಗಿ ಉಳಿಯುವುದು ಆ ಒಂದು ವಾಕ್ಯವೇ. ಆದರೆ ಚೀಟಿಯಲ್ಲಿ ಒಂದು ವಾಕ್ಯಕ್ಕೆ ಮಾತ್ರ ಜಾಗವಿರುತ್ತದೆ, ಅದರ ಹಿಂದು ಮುಂದಿನ ಮಾತುಗಳಿಗೆ ಇರುವುದಿಲ್ಲ. ನಿಮಗೆ ಬಂದಿರುವುದು ಒಂದು ಪತ್ರದ ನಡುವಿನ ಸಾಲು. ದಯವಿಟ್ಟು ಇಂದು ಇಡೀ ಪತ್ರವನ್ನು ಓದಿ.

ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ತನ್ನ ನಾಡಿಗೆ ಸೆರೆಯೊಯ್ದವರಿಗೆ ಪ್ರವಾದಿಯಾದ ಯೆರೆಮೀಯನು ಬರೆದ ಪತ್ರ ಅದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಬರುತ್ತಾನೆ. ಎರಡು ವರ್ಷದೊಳಗೆ ಎಲ್ಲವೂ ಸರಿಹೋಗುತ್ತದೆ, ಸೆರೆಯವರು ಹಿಂದಿರುಗುತ್ತಾರೆ ಎಂದು ಅವನು ದೇವಾಲಯದಲ್ಲಿ, ಜನರೆಲ್ಲರ ಮುಂದೆ ಸಾರುತ್ತಾನೆ. ಬಾಬೆಲಿನ ಅಧೀನತೆಗೆ ಗುರುತಾಗಿ ಯೆರೆಮೀಯನು ಕೊರಳಿನಲ್ಲಿ ಹಾಕಿಕೊಂಡಿದ್ದ ನೊಗವನ್ನು ತೆಗೆದು ಮುರಿದೂ ಹಾಕುತ್ತಾನೆ. ಎಲ್ಲರಿಗೂ ಬೇಕಾಗಿದ್ದ ಸಿಹಿ ಮಾತು ಅವನದಾಗಿತ್ತು. ಯೆರೆಮೀಯನ ಪತ್ರವಾದರೋ ಎಪ್ಪತ್ತು ವರ್ಷ ಎನ್ನುತ್ತದೆ. ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಬಿಡುಗಡೆಯನ್ನು ಕಾಣದೆಯೇ ಕಣ್ಣುಮುಚ್ಚಬೇಕಾಗಿತ್ತು. ಹಿತದ ಆಲೋಚನೆಗಳೆಂಬ ವಾಗ್ದಾನ ಬರುವುದು ಆ ಎಪ್ಪತ್ತು ವರ್ಷದ ಮಾತಿನ ಮರುಸಾಲಿನಲ್ಲಿ, ಅದೂ ಒಬ್ಬನ ಉದ್ಯೋಗದ ಕುರಿತಾಗಿ ಅಲ್ಲ, ನೆಲೆ ಕಳೆದುಕೊಂಡ ಒಂದು ಜನಾಂಗದ ಮುಂದಿನ ದಿನಗಳ ಕುರಿತಾಗಿ. ಹಾಗಾದರೆ ಅದು ನಿಮ್ಮದಲ್ಲವೇ ಎಂದರೆ, ನಿಮ್ಮದೇ. ಕ್ರಿಸ್ತನಲ್ಲಿ ನೀವೂ ಆ ಜನರೊಳಗೆ ಸೇರಿದವರು. ಆದರೆ ಇಂತಿಷ್ಟು ತಿಂಗಳೊಳಗೆ ಇಂತಹ ಸಂಬಳದ ಕೆಲಸ ಎಂಬ ಕರಾರು ಅದರಲ್ಲಿ ಇಲ್ಲ.

ಅದರಲ್ಲಿ ಇರುವುದನ್ನೂ ಗಮನಿಸಿ. ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲವನ್ನು ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತದೆ ಆ ಪತ್ರ. ತಮ್ಮನ್ನು ಸೆರೆಹಿಡಿದವರ ಪಟ್ಟಣಕ್ಕಾಗಿ ಪ್ರಾರ್ಥಿಸಬೇಕೆಂಬ ಆ ಏಳನೆಯ ವಚನ ನನ್ನ ಮಟ್ಟಿಗೆ ಹನ್ನೊಂದನೆಯದಕ್ಕಿಂತ ದೊಡ್ಡದು. ಅದನ್ನು ಯಾರೂ ಸ್ಟೇಟಸ್ ಹಾಕಿದ್ದನ್ನು ನಾನು ಕಂಡಿಲ್ಲ ಎಂಬುದು ನನಗೆ ನಿಜವಾದ ಬೇಸರ. ಕಾಯುವ ಈ ದಿನಗಳನ್ನು ಬದುಕಲ್ಲವೆಂದು ಪಕ್ಕಕ್ಕಿಡಬೇಡಿ. ಅರ್ಜಿ ಹಾಕುತ್ತಲೇ ಇರಿ. ಅದರ ಜೊತೆಗೆ ನಿಮ್ಮ ಬೀದಿಯಲ್ಲಿ ಗಣಿತ ಹೇಳಿಕೊಡುವವರಿಲ್ಲದ ಮಗುವೊಂದಿದ್ದರೆ ಸಂಜೆ ಒಂದು ಗಂಟೆ ಅದರೊಡನೆ ಕುಳಿತುಕೊಳ್ಳಿ. ಕೆಲಸವಿಲ್ಲದ ಸಂಗತಿಯನ್ನು ಸಭೆಯಲ್ಲಿ ಒಬ್ಬಿಬ್ಬರಿಗಾದರೂ ತಿಳಿಸಿ, ಏಕೆಂದರೆ ಆ ಪತ್ರವನ್ನು ಯಾರೂ ಒಂಟಿಯಾಗಿ ಓದಿಕೊಳ್ಳಲೆಂದು ಬರೆದದ್ದಲ್ಲ.

ಪ್ರಶ್ನೆ: ಇದೇ ಎಳೆಯಲ್ಲಿ ಇನ್ನೊಂದು ಸಂದೇಹ. ನಮ್ಮ ಮನೆಯಲ್ಲಿ ಸಿನಿಮಾ ನೋಡುವುದು ಪಾಪವೆಂದು ತಂದೆಯವರು ಹೇಳುತ್ತಾರೆ. ಲೋಕದ ಹಾಡು, ಲೋಕದ ಕಥೆ ವಿಶ್ವಾಸಿಗೆ ಏಕೆ ಬೇಕು ಎಂಬುದು ಅವರ ಪ್ರಶ್ನೆ.

ಉತ್ತರ: ನಿಮ್ಮ ತಂದೆಯವರ ಎಚ್ಚರಿಕೆಯ ಹಿಂದೆ ಪ್ರೀತಿಯಿದೆ, ಅದನ್ನು ಗೌರವಿಸಿ. ಆದರೂ ಪಟ್ಟಣದ ಕ್ಷೇಮವನ್ನು ಹಾರೈಸಬೇಕಾದವನು ಆ ಪಟ್ಟಣದ ಜನ ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಅಳುತ್ತಾರೆ ಎಂಬುದನ್ನು ತಿಳಿಯದೆ ಇರಲಾರನು. ಗ್ರೀಕರ ಅಥೇನೆ ಪಟ್ಟಣದ ಅರಿಯೊಪಾಗವೆಂಬ ಸಭಾಸ್ಥಾನದಲ್ಲಿ ನಿಂತ ಅಪೊಸ್ತಲ ಪೌಲನು ಗ್ರೀಕರ ಸ್ವಂತ ಕವಿಯ ಮಾತನ್ನೇ ಎತ್ತಿ ಹೇಳಿದ್ದು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿದೆ. ಕೇಳದ, ಓದದ ಕವಿತೆಯನ್ನು ಹಾಗೆ ಎತ್ತಿ ಹೇಳಲಾಗುವುದಿಲ್ಲ. ನಮ್ಮ ನಾಡಿನಲ್ಲೂ ಇದಕ್ಕೆ ಸಾಕ್ಷಿಯಿದೆ. 1843ರಲ್ಲಿ ಮಂಗಳೂರು ಸಮಾಚಾರವನ್ನು ಆರಂಭಿಸಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸೇವಾಸಂಸ್ಥೆಯ ಹೆರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು, ಜೈಮಿನಿ ಭಾರತವನ್ನೂ ಪ್ರಕಟಿಸಿದರು. ಅದೇ ಮಿಷನ್ನಿನ ಕಿಟ್ಟೆಲರು ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು, 1894ರಲ್ಲಿ ಪ್ರಕಟವಾದ ದೊಡ್ಡ ನಿಘಂಟಿಗೆ ಕನ್ನಡ ಕಾವ್ಯಗಳನ್ನೆಲ್ಲ ಶೋಧಿಸಿದರು. ಅದರಿಂದ ಅವರ ವಿಶ್ವಾಸ ಕೆಡಲಿಲ್ಲ.

ಎಲ್ಲ ಸಿನಿಮಾ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದನ್ನೇ ಪ್ರೇಮವೆಂದು ತೋರಿಸುವ ಚಿತ್ರದಲ್ಲಿ ಒಂದು ಪ್ರಾರ್ಥನೆಯ ದೃಶ್ಯವಿದ್ದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಹಾಗೆಯೇ ಪೌರಕಾರ್ಮಿಕರ ಕಷ್ಟವನ್ನು ಸತ್ಯವಾಗಿ ತೋರಿಸುವ ಚಿತ್ರದಲ್ಲಿ ಶಿಲುಬೆ ಕಾಣಿಸದಿದ್ದರೆ ಅದು ಅಶುದ್ಧವೂ ಅಲ್ಲ. ಸತ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು ಯಾವುದೋ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ ಎಂಬ ಫಿಲಿಪ್ಪಿ 4:8 ಈ ಎರಡನ್ನೂ ಅಳೆಯಲು ಸಾಕು. ತಂದೆಯವರ ಮನಸ್ಸು ನೋಯುವುದಾದರೆ ಅವರ ಮನೆಯಲ್ಲಿ ಹಟ ಹಿಡಿದು ನೋಡಬೇಡಿ. 1 ಕೊರಿಂಥ 8ರಲ್ಲಿ ಪೌಲನು ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನುವ ವಿಷಯದಲ್ಲಿ ತನ್ನ ಹಕ್ಕನ್ನು ಬಿಟ್ಟದ್ದು ಇಂಥದೇ ಕಾರಣಕ್ಕೆ.

ಪ್ರಶ್ನೆ: ಹತ್ತು ಜನರಿಗೆ ಕಳುಹಿಸದಿದ್ದರೆ ಆಶೀರ್ವಾದ ತಪ್ಪುತ್ತದೆ ಎಂಬ ಸಂದೇಶಗಳು ನಮ್ಮ ಸಭೆಯವರಿಂದಲೇ ಬರುತ್ತವೆ. ಅಳಿಸಲು ಭಯವಾಗುತ್ತದೆ.

ಉತ್ತರ: ಧೈರ್ಯವಾಗಿ ಅಳಿಸಿ. ಸಂದೇಶ ಮುಂದೆ ಹೋಗಲಿಲ್ಲವೆಂದು ಆಶೀರ್ವಾದವನ್ನು ತಡೆಹಿಡಿಯುವ ದೇವರನ್ನು ಸತ್ಯವೇದ ಅರಿಯದು. ಆದರೆ ಕಳುಹಿಸಿದವರನ್ನು ಗುಂಪಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ. ಅವರು ವಯಸ್ಸಾದವರಾಗಿದ್ದು ಮನೆಯಲ್ಲಿ ಒಬ್ಬರೇ ಇರುವವರಾದರೆ, ಒಮ್ಮೆ ಫೋನ್ ಮಾಡಿ ಆರೋಗ್ಯ ವಿಚಾರಿಸಿ.