ಧರೆ ಕುಸಿತ, ಸಿಡಿಲು, ಭೂಕಂಪ: ಭೂವಿಜ್ಞಾನಿಯನ್ನು ಕೇಳಿ

ಸಾಗರದವರು: ಸರ್, ಮಲೆನಾಡು ಗಟ್ಟಿ ಕಲ್ಲಿನ ಮೇಲಿದೆ, ಇಲ್ಲಿ ಭೂಕಂಪ ಆಗೋದೇ ಇಲ್ಲ ಅಂತಾರೆ. ಹೌದಾ?

ಭೂವಿಜ್ಞಾನಿ: ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಲಾತೂರಿನ ಕಿಲ್ಲಾರಿ ಕಡೆಯೂ ಗಟ್ಟಿ ನೆಲ ಅಂತಲೇ ನಂಬಿದ್ದರು. 1993ರಲ್ಲಿ ಸಾವಿರಾರು ಜನ ಸತ್ತರು.

ಹೊಸನಗರದವರು: ಬೇಸಿಗೆಯಲ್ಲಿ ಜೆಸಿಬಿ ತರಿಸಿ ಮನೆ ಹಿಂದಿನ ಧರೆ, ಅಂದ್ರೆ ಗುಡ್ಡದ ಅಂಚು, ಕಡಿಸಿದ್ದೆವು. ಈಗ ಮೇಲಿನ ತೋಟದಲ್ಲಿ ಅಂಗೈ ಹೋಗುವಷ್ಟು ಬಿರುಕು. ಧರೆ ಬುಡದಲ್ಲಿ ಜಿನುಗುವ ನೀರು ನಿನ್ನೆಯಿಂದ ಕೆಂಪಾಗಿದೆ. ಅಜ್ಜನ ಕಾಲದಿಂದ ಏನೂ ಆಗಿಲ್ಲ, ಅಡಿಕೆ ಬೇರು ಮಣ್ಣು ಹಿಡ್ಕೊಳ್ಳುತ್ತೆ ಅಲ್ವಾ?

ಭೂವಿಜ್ಞಾನಿ: ಇವತ್ತು ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಅಜ್ಜನ ಕಾಲದಲ್ಲಿ ಗುಡ್ಡಕ್ಕೆ ಬುಡ ಇತ್ತು, ನೀವು ಅದನ್ನೇ ಕಡಿಸಿದ್ದೀರಿ. ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಜಾರುವ ಪದರ ಅದಕ್ಕಿಂತ ಕೆಳಗಿರುತ್ತದೆ. ಬಿರುಕಿನಲ್ಲಿ ಇಳಿದ ಮಳೆ ನೀರು ಒಳಗಿನ ಜೇಡಿಮಣ್ಣಿನ ಮೇಲೆ ಸೇರಿಕೊಂಡು ಒತ್ತಡ ಜಾಸ್ತಿ ಆಗುತ್ತದೆ, ಕೆಳಗೆ ಆಸರೆ ಇಲ್ಲದಿದ್ದರೆ ಮರ ಸಮೇತ ಇಡೀ ತೋಟವೇ ಇಳಿಯುತ್ತದೆ. ನೀರು ಕೆಂಪಾಗಿದೆ ಅಂದರೆ ಒಳಗಿನ ಮಣ್ಣು ಆಗಲೇ ಕೊಚ್ಚಿ ಬರುತ್ತಿದೆ. ಕೊಡಗಿನಲ್ಲಿ 2018ರಲ್ಲಿ ಮನೆಗೆ, ರಸ್ತೆಗೆ ಅಂತ ಗುಡ್ಡ ಕಡಿದ ಎಷ್ಟೋ ಕಡೆ ಹೀಗೇ ಆಯಿತು. ವಯನಾಡಿನಲ್ಲಿ 2024ರ ಜುಲೈ 30ರಂದು ಜನ ನಿದ್ದೆಯಲ್ಲಿದ್ದಾಗಲೇ ಗುಡ್ಡ ಬಂತು. ಬಿರುಕು ಮುಚ್ಚೋಕೆ ಅಂತ ಮೇಲೆ ಹತ್ತಬೇಡಿ. ಮಳೆ ನಿಂತಿತು ಅಂತ ವಾಪಸ್ ಬರಬೇಡಿ, ನಿಂತ ಮೇಲೂ ಜಾರುತ್ತದೆ. ತಹಶೀಲ್ದಾರರಿಗೆ ಈಗಲೇ ತಿಳಿಸಿ.

ತೀರ್ಥಹಳ್ಳಿಯವರು: ಗುಡುಗುವಾಗ ಅಂಗಳಕ್ಕೆ ಕತ್ತಿ ಎಸೆದರೆ ಸಿಡಿಲು ಮನೆಗೆ ಬರಲ್ಲ ಅಂತ ಫಾರ್ವರ್ಡ್ ಬಂದಿದೆ.

ಭೂವಿಜ್ಞಾನಿ: ಸುಳ್ಳು. ಎಸೆಯೋಕೆ ಹೊರಗೆ ಹೋದವರಿಗೇ ಅಪಾಯ. ಮನೆಯೊಳಗಿರಿ, ಮರದಡಿ ನಿಲ್ಲಬೇಡಿ. ಇಂಥದ್ದನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಕೊಪ್ಪದವರು: ಬಡ ರೈತ ಒಂದು ಧರೆ ಕಡಿದರೆ ತಪ್ಪು, ಹೆದ್ದಾರಿಯವರು ಗುಡ್ಡವನ್ನೇ ಕಡಿದರೆ ಅಭಿವೃದ್ಧಿ. 2024ರಲ್ಲಿ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದು ಜನ ಸತ್ತರಲ್ಲ? ಗುಡ್ಡ ಕಡಿಯೋ ಹೋಂಸ್ಟೇಯವರನ್ನೂ ಕೇಳಿ.

ಶೃಂಗೇರಿಯವರು: ಹೋಂಸ್ಟೇ ನಡೆಸೋರೆಲ್ಲ ಕಳ್ಳರಾ? ಗುಡ್ಡ ಮಟ್ಟ ಮಾಡಿ ಅಡಿಕೆ ಹಾಕಿದ್ದು ಯಾರು?

ಕೊಪ್ಪದವರು: ನೀವು ಎಷ್ಟು ಎಕರೆ ಮಟ್ಟ ಮಾಡಿಸಿದ್ರಿ, ಮೊದಲು ಅದನ್ನ ಹೇಳಿ.

ಭದ್ರಾವತಿಯವರು: 2021ರ ಜನವರಿಯಲ್ಲಿ ಮನೆ ಅದುರಿತ್ತಲ್ಲ, ಭೂಕಂಪನಾ?

ಭೂವಿಜ್ಞಾನಿ: ಅಲ್ಲ. ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಸ್ಫೋಟಕ ಸಿಡಿದದ್ದು.

ರಿಪ್ಪನ್‌ಪೇಟೆಯವರು: ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ಭೂಮಿ ನಡುಗುತ್ತಾ ಸರ್?

ಆಗುಂಬೆಯವರು: ಕತ್ತಿ ಬದಲು ಹಾರೆ ಇಟ್ಟರೆ?

ಭೂವಿಜ್ಞಾನಿ: ಹಾರೆಯೂ ಅಷ್ಟೇ, ಕತ್ತಿ ಬಗ್ಗೆ ಮೇಲೆ ಹೇಳಿದ್ದು ಓದಿ. ಜಗಳ ಆಡೋರು ಬೇರೆ ಕಡೆ ಆಡಿ. ಹೊಸನಗರದವರೇ, ಹೊರಟಿರಾ?

ಹೊಸನಗರದವರು: ಅಪ್ಪ ದನ ಬಿಟ್ಟು ಬರಲ್ಲ ಅಂತಿದ್ದಾರೆ ಸರ್.

ಭೂವಿಜ್ಞಾನಿ: ದನಗಳನ್ನೂ ಬಿಚ್ಚಿ ಹೊಡ್ಕೊಂಡು ಹೋಗಿ. ಕತ್ತಲಾಗೋ ಮೊದಲು.